ಬೆರಳು ತೋರಿಸುವ ಮುನ್ನ: ಅಪರಿಚಿತರಿಗೆ ಸಂಶಯದ ಲಾಭ ಏಕೆ ಕೊಡಬೇಕು

1996ರ ಜುಲೈ 27, ನಡುರಾತ್ರಿ ದಾಟಿದ ಹೊತ್ತು. ಒಲಿಂಪಿಕ್ಸ್ ನಡೆಯುತ್ತಿದ್ದ ಅಟ್ಲಾಂಟಾ ನಗರದ ಸೆಂಟೆನಿಯಲ್ ಒಲಿಂಪಿಕ್ ಪಾರ್ಕ್‌ನಲ್ಲಿ ಸಂಗೀತ ಕೇಳಲು ಸಾವಿರಾರು ಜನ ಸೇರಿದ್ದರು. ಅಲ್ಲಿ ಕೆಲಸದಲ್ಲಿದ್ದ ರಿಚರ್ಡ್ ಜ್ಯೂವೆಲ್ ಎಂಬ ಸೆಕ್ಯುರಿಟಿ ಗಾರ್ಡ್ ಬೆಂಚಿನ ಕೆಳಗೆ ಯಾರದೆಂದು ಗೊತ್ತಾಗದ ಹಸಿರು ಚೀಲವೊಂದನ್ನು ಕಂಡು ಪೊಲೀಸರಿಗೆ ತಿಳಿಸಿದರು. ಸುತ್ತಲಿದ್ದವರನ್ನು ದೂರ ಕಳಿಸುವುದಕ್ಕೂ ಕೈಜೋಡಿಸಿದರು. ಸ್ವಲ್ಪ ಹೊತ್ತಿಗೆಲ್ಲ ಚೀಲದಲ್ಲಿದ್ದ ಬಾಂಬ್ ಸಿಡಿಯಿತು. ಒಬ್ಬ ಮಹಿಳೆ ಸ್ಫೋಟಕ್ಕೆ ಬಲಿಯಾದರು, ಸ್ಥಳಕ್ಕೆ ಧಾವಿಸುತ್ತಿದ್ದ ಕ್ಯಾಮೆರಾಮನ್ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಜನರನ್ನು ಚದುರಿಸುವ ಕೆಲಸ ಅಷ್ಟಾದರೂ ಆಗಿರದಿದ್ದರೆ ಸಾವಿನ ಲೆಕ್ಕ ಬೇರೆಯೇ ಇರುತ್ತಿತ್ತು.

ಜ್ಯೂವೆಲ್ ಅವರನ್ನು ಎಲ್ಲರೂ ಹೊಗಳಿದರು. ಹೊಗಳಿಕೆ ಮೂರು ದಿನ ಉಳಿಯಿತು. ಜುಲೈ 30ರಂದು, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಸಂಶಯ ಪಡುತ್ತಿರುವುದು ಇವರ ಮೇಲೆಯೇ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂತು. ಹೀರೋ ಅನ್ನಿಸಿಕೊಳ್ಳುವ ಆಸೆಗೆ ತಾನೇ ಬಾಂಬ್ ಇಟ್ಟು ತಾನೇ ಕಂಡುಹಿಡಿದಿರಬೇಕು ಎನ್ನುವುದು ಊಹೆ. ಪೊಲೀಸ್ ಕೆಲಸದ ಮೇಲೆ ಅವರಿಗಿದ್ದ ಒಲವು, ತಾಯಿಯ ಜತೆ ಒಂದೇ ಮನೆಯಲ್ಲಿ ವಾಸ, ಟಿವಿಯಲ್ಲಿ ಮಾತಾಡಿದ ರೀತಿ, ಎಲ್ಲವೂ ಆ ಕಥೆಗೆ ಪುರಾವೆಯಾಗಿಬಿಟ್ಟವು. ಮನೆಯ ಮುಂದೆ ಕ್ಯಾಮೆರಾಗಳು ಬೀಡುಬಿಟ್ಟವು. ಅವರ ವಿರುದ್ಧ ಯಾವ ಆರೋಪವನ್ನೂ ದಾಖಲಿಸಿರಲಿಲ್ಲ, ಅವರನ್ನು ಬಂಧಿಸಿಯೂ ಇರಲಿಲ್ಲ. ಆದರೆ ಜನರ ಮನಸ್ಸಿನಲ್ಲಿ ತೀರ್ಪು ಹೊರಬಿದ್ದಿತ್ತು.

ನನ್ನನ್ನು ಹೆಚ್ಚು ಕಾಡುವುದು ಒಂದು ಸಣ್ಣ ವಿವರ. ಪಾರ್ಕ್‌ನಲ್ಲಿ ಬಾಂಬ್ ಇದೆ ಎಂದು ತುರ್ತು ಸಂಖ್ಯೆಗೆ ಕರೆ ಬಂದದ್ದು ಅಲ್ಲಿಂದ ಕೆಲವು ನಿಮಿಷ ನಡೆದರೆ ಸಿಗುವ ಸಾರ್ವಜನಿಕ ಫೋನಿನಿಂದ. ಆ ಹೊತ್ತಿಗೆ ಜ್ಯೂವೆಲ್ ಚೀಲದ ಹತ್ತಿರವೇ ಇದ್ದರು. ಒಬ್ಬನೇ ಮನುಷ್ಯ ಎರಡೂ ಕಡೆ ಇರಲು ಹೇಗೆ ಸಾಧ್ಯ ಎಂದು ಗಡಿಯಾರ ಹಿಡಿದು ಆ ದಾರಿಯನ್ನು ಒಮ್ಮೆ ನಡೆದು ನೋಡಿದ್ದರೆ, ಇದ್ದ ಒಂದೇ ಒಂದು ಕಥೆ ಅಲ್ಲೇ ಅಲುಗಾಡುತ್ತಿತ್ತು. ಅಕ್ಟೋಬರ್ 26ರಂದು, ಅಂದರೆ ಮೂರು ತಿಂಗಳ ಕಿರುಕುಳದ ನಂತರ, ತನಿಖೆ ಇವರ ಮೇಲಿಲ್ಲ ಎಂದು ಸರ್ಕಾರಿ ವಕೀಲರು ಪತ್ರ ಕೊಟ್ಟರು. ನಿಜವಾದ ಅಪರಾಧಿ ಎರಿಕ್ ರುಡಾಲ್ಫ್ ತಪ್ಪೊಪ್ಪಿಕೊಂಡದ್ದು 2005ರಲ್ಲಿ. ಜ್ಯೂವೆಲ್ 2007ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು.

ಸಂಶಯದ ಲಾಭ ಎಂದರೆ ಏನು, ಏನಲ್ಲ

ಈ ಮಾತು ನಮಗೆ ನ್ಯಾಯಾಲಯದಿಂದ ಬಂದದ್ದು. ಪುರಾವೆ ಸಾಲದಿದ್ದರೆ ಆರೋಪಿಗೆ ಸಂಶಯದ ಲಾಭ ಸಿಗುತ್ತದೆ. ಅಪರಾಧ ಸಾಬೀತಾಗುವ ತನಕ ಯಾರನ್ನೂ ನಿರಪರಾಧಿ ಎಂದೇ ಭಾವಿಸಬೇಕೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 11ನೇ ವಿಧಿ ಹೇಳುತ್ತದೆ. ಒಬ್ಬ ನಿರಪರಾಧಿಗೆ ಶಿಕ್ಷೆಯಾಗುವುದಕ್ಕಿಂತ ಹತ್ತು ಅಪರಾಧಿಗಳು ತಪ್ಪಿಸಿಕೊಳ್ಳುವುದು ಮೇಲು ಎಂದು ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟೋನ್ 18ನೇ ಶತಮಾನದಲ್ಲೇ ಬರೆದಿದ್ದರು. ಆದರೆ ಇವೆಲ್ಲ ಕೈಯಲ್ಲಿ ಜೈಲಿನ ಬೀಗ ಇರುವವರನ್ನು ಕಟ್ಟಿಹಾಕಲು ಮಾಡಿದ ನಿಯಮಗಳು. ಒಬ್ಬ ಮನುಷ್ಯ ಇನ್ನೊಬ್ಬನನ್ನು ನಾಲ್ಕು ಜನರ ಮುಂದೆ ಕಳ್ಳ ಎನ್ನುವಾಗ ವಕೀಲರಿಲ್ಲ, ಪಾಟೀಸವಾಲಿಲ್ಲ, ಮುಂದಿನ ತಾರೀಖಿಲ್ಲ. ಅಲ್ಲಿರುವ ತಡೆ ಹೇಳುವವನ ನಾಲಿಗೆಯೊಂದೇ.

ಸಂಶಯದ ಲಾಭ ಕೊಡುವುದೆಂದರೆ ಎದುರಿನವರನ್ನು ನಂಬಿಬಿಡುವುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಂಬಬೇಕಿಲ್ಲ. ಬ್ಯಾಗು ಕಾಣೆಯಾಗಿದ್ದರೆ ಹುಡುಕಿ, ಮೋಸವಾಗಿದೆ ಅನ್ನಿಸಿದರೆ ಹಣ ಕೊಡುವುದನ್ನು ನಿಲ್ಲಿಸಿ, ದೂರು ಕೊಡಬೇಕಾದ ಕಡೆ ಕೊಡಿ. ಇದು ಯಾವುದರ ನಂತರ ಯಾವುದು ಎಂಬ ವಿಚಾರ ಮಾತ್ರ. ಕಂಡದ್ದು ಮೊದಲು, ಅದಕ್ಕೆ ಇರಬಹುದಾದ ಕಾರಣಗಳು ಆಮೇಲೆ, ಅವರನ್ನೇ ಕೇಳುವುದು ಅದರ ನಂತರ, ಊರಿಗೆಲ್ಲ ಸಾರುವುದು ಕೊನೆಗೆ. ಸಿಟ್ಟು ಬಂದಾಗ ಈ ಸಾಲು ತಲೆಕೆಳಗಾಗುತ್ತದೆ, ಅಷ್ಟೇ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದ ಹಿರಿಯರು ಕಣ್ಣನ್ನು ನಂಬಬೇಡ ಅನ್ನಲಿಲ್ಲ, ಕಣ್ಣು ಕಂಡದ್ದಕ್ಕೂ ಮನಸ್ಸು ಕಟ್ಟಿದ್ದಕ್ಕೂ ನಡುವೆ ಒಂದು ಹೆಜ್ಜೆ ಇಡು ಅಂದರು.

ಮನಸ್ಸು ಏಕೆ ಜಿಗಿಯುತ್ತದೆ

ನಾನು ತಡವಾಗಿ ಬಂದರೆ ಟ್ರಾಫಿಕ್ ಕಾರಣ. ನೀವು ತಡವಾಗಿ ಬಂದರೆ ನಿಮಗೆ ಶಿಸ್ತಿಲ್ಲ. ನಮ್ಮ ನಡತೆಗೆ ಸಂದರ್ಭವನ್ನು, ಬೇರೆಯವರ ನಡತೆಗೆ ಸ್ವಭಾವವನ್ನು ಕಾರಣವಾಗಿ ಕೊಡುವ ಈ ಚಾಳಿಯನ್ನು ಮನಶ್ಶಾಸ್ತ್ರಜ್ಞರು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಒಂದು ಪ್ರಯೋಗ ಮಾಡಿದರು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟು, ಬರೆದವರ ನಿಜವಾದ ನಿಲುವು ಏನಿರಬಹುದು ಎಂದು ಕೇಳಿದರು. ‘ಯಾವ ಪರ ಬರೆಯಬೇಕೆಂದು ಬರೆದವರಿಗೆ ಮೊದಲೇ ಹೇಳಲಾಗಿತ್ತು, ಆಯ್ಕೆ ಅವರದಾಗಿರಲಿಲ್ಲ’ ಎಂದು ತಿಳಿಸಿದ ಮೇಲೂ, ಕ್ಯಾಸ್ಟ್ರೋ ಪರ ಬರೆದವರು ಒಳಗೂ ಸ್ವಲ್ಪ ಆ ಕಡೆಯವರೇ ಇರಬೇಕು ಎಂಬ ಅಂದಾಜು ಹೋಗಲಿಲ್ಲ. ಹತ್ತು ವರ್ಷಗಳ ಮೇಲೆ, 1977ರಲ್ಲಿ, ಲೀ ರಾಸ್ ಈ ತಪ್ಪಿಗೆ ಒಂದು ಹೆಸರಿಟ್ಟರು. ಅದನ್ನು ಕನ್ನಡದಲ್ಲಿ ಕಾರಣಾರೋಪದ ಮೂಲಭೂತ ದೋಷ ಎನ್ನಬಹುದು.

ಸಂದರ್ಭದ ಶಕ್ತಿ ಎಷ್ಟು ಎಂದು ನೋಡಲು 1973ರಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಮಾಡಿದ ಪ್ರಯೋಗ ಸಾಕು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ಅಲ್ಲಿ ಹೋಗಿ ಅವರು ಚಿಕ್ಕ ಭಾಷಣ ಮಾಡಬೇಕಿತ್ತು. ಕೆಲವರಿಗೆ ಕೊಟ್ಟ ವಿಷಯವೇ, ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನಿಗೆ ನೆರವಾದವನ ಕಥೆ. ನಡುದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತಿದ್ದ, ನರಳುತ್ತಿದ್ದ. ಆತುರವಿಲ್ಲದವರಲ್ಲಿ 63% ಮಂದಿ ನೆರವು ನೀಡಿದರು. ‘ತಡವಾಯಿತು, ಬೇಗ ಹೋಗಿ’ ಎಂದು ಕಳಿಸಿದವರಲ್ಲಿ ನೆರವಾದವರು 10% ಮಾತ್ರ. ಭಾಷಣದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ದಾಟಿ ಹೋದವನ ವೀಡಿಯೊ ಮಾಡಿ ‘ನೋಡಿ ಈ ಕಟುಕನನ್ನು’ ಎಂದು ತೋರಿಸಿದ್ದರೆ ನಾವೆಲ್ಲ ನಂಬುತ್ತಿದ್ದೆವು. ಆ ವೀಡಿಯೊದಲ್ಲಿ ಅವನ ಹಿಂದಿದ್ದ ಆತುರ ಕಾಣುವುದಿಲ್ಲ.

ಈಗ ಒಂದು ಸನ್ನಿವೇಶವನ್ನು ನಿಧಾನವಾಗಿ ಬಿಡಿಸಿ ನೋಡೋಣ. ವಿಮಾನ ನಿಲ್ದಾಣದಲ್ಲಿ ಲಗೇಜ್ ಬೆಲ್ಟ್ ತಿರುಗುತ್ತಿದೆ. ನಿಮ್ಮ ಕಪ್ಪು ಸೂಟ್‌ಕೇಸ್ ಬರುವುದು ದೂರದಿಂದ ಕಂಡಿತು. ನೀವು ಹತ್ತಿರ ಹೋಗುವಷ್ಟರಲ್ಲಿ ಯಾರೋ ಅದನ್ನು ಎತ್ತಿಕೊಂಡು, ಹಿಂತಿರುಗಿಯೂ ನೋಡದೆ, ಸರಸರನೆ ಬಾಗಿಲು ದಾಟಿದರು. ಫೋನಿನಲ್ಲಿ ಅವರ ಬೆನ್ನಿನ ಫೋಟೊ ಸಿಕ್ಕಿದೆ. ಮನಸ್ಸು ಒಂದೇ ಪದ ಹೇಳುತ್ತಿದೆ.

ಹಿಂತಿರುಗಿ ನೋಡದೆ ಹೋದದ್ದು ಕಳ್ಳತನಕ್ಕೆ ಸಾಕ್ಷಿಯೇ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಬೇರೆಯವರ ಬ್ಯಾಗು ಎತ್ತಿಕೊಂಡ ನೂರು ಜನರಲ್ಲಿ 95 ಮಂದಿ ತಮ್ಮದೆಂದೇ ಭ್ರಮಿಸಿದವರು, 5 ಮಂದಿ ಕಳ್ಳರು ಎಂದಿಟ್ಟುಕೊಳ್ಳಿ. ಕಳ್ಳರಲ್ಲಿ ನಾಲ್ವರು ಸರಸರನೆ ಹೋಗುತ್ತಾರೆ. ಭ್ರಮಿಸಿದವರಲ್ಲೂ 40 ಮಂದಿ ಸರಸರನೆಯೇ ಹೋಗುತ್ತಾರೆ, ಹೊರಗೆ ಯಾರೋ ಕಾಯುತ್ತಿರುತ್ತಾರಲ್ಲ. ಅಂದರೆ ಅವಸರದಲ್ಲಿ ಹೋದ 44 ಮಂದಿಯಲ್ಲಿ ಕಳ್ಳರು ನಾಲ್ಕೇ ಜನ. ಅಂಕಿಗಳನ್ನು ನೀವು ಬದಲಾಯಿಸಿಕೊಳ್ಳಿ, ಪಾಠ ಬದಲಾಗುವುದಿಲ್ಲ. ಒಂದು ಲಕ್ಷಣ ಕಳ್ಳರಲ್ಲಿ ಸಾಮಾನ್ಯವಾಗಿದೆ ಎಂದ ಮಾತ್ರಕ್ಕೆ ಆ ಲಕ್ಷಣ ಇರುವವರೆಲ್ಲ ಕಳ್ಳರಾಗುವುದಿಲ್ಲ. ಮುಗ್ಧ ತಪ್ಪುಗಳು ಹೆಚ್ಚಾಗಿರುವ ಕಡೆ ಅನುಮಾನಾಸ್ಪದವಾಗಿ ಕಾಣುವವರಲ್ಲೂ ಮುಗ್ಧರೇ ಹೆಚ್ಚು.

ಸರಿ, ಹಾಗಾದರೆ ಏನು ನೋಡಬೇಕು? ಬೆಲ್ಟನ್ನೇ ನೋಡಬೇಕು. ಅವರು ತಪ್ಪಿ ನಿಮ್ಮ ಬ್ಯಾಗು ಒಯ್ದಿದ್ದರೆ ಅವರ ಬ್ಯಾಗು ಅಲ್ಲೇ ಸುತ್ತುತ್ತಿರಬೇಕು. ಎಲ್ಲರೂ ಹೋದ ಮೇಲೂ ನಿಮ್ಮದರಂಥದೇ ಒಂದು ಕಪ್ಪು ಸೂಟ್‌ಕೇಸ್ ಉಳಿದಿದೆಯೇ? ಅದರ ಹಿಡಿಯಲ್ಲಿ ವಿಮಾನ ಸಂಸ್ಥೆಯ ಟ್ಯಾಗ್ ಇದೆಯೇ? ಇದ್ದರೆ ಕೌಂಟರಿನವರು ಆ ಟ್ಯಾಗಿನಿಂದಲೇ ಪ್ರಯಾಣಿಕರನ್ನು ಹುಡುಕಿ ಫೋನ್ ಮಾಡಬಲ್ಲರು. ಬ್ಯಾಗುಗಳು ಒಂದೇ ಥರ ಇರುತ್ತವೆ, ಟ್ಯಾಗ್ ನೋಡಿಕೊಳ್ಳಿ ಎಂಬ ಫಲಕವನ್ನು ಲಗೇಜ್ ಬೆಲ್ಟ್‌ಗಳ ಬಳಿ ಹಾಕುವುದು ಈ ಅದಲುಬದಲು ಅಷ್ಟು ಸಾಮಾನ್ಯವಾದ್ದರಿಂದಲೇ.

ನಮ್ಮ ಊಹೆ ತಪ್ಪಾಗಿದ್ದರೆ ಏನು ಕಾಣಬೇಕಿತ್ತು ಎಂದು ಕೇಳಿಕೊಳ್ಳುವ ಅಭ್ಯಾಸ ನಮಗೆ ಹುಟ್ಟಿನಿಂದ ಬರುವುದಿಲ್ಲ. ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇವುಗಳ ಹಿಂದಿನ ನಿಯಮ ಕಂಡುಹಿಡಿಯಿರಿ, ಬೇಕಾದ ಸಂಖ್ಯೆಗಳನ್ನು ಹೇಳಿ ಪರೀಕ್ಷಿಸಿ ಎಂದರು. ‘ಎರಡೆರಡು ಕೂಡಿಸುತ್ತಾ ಹೋಗುವುದು’ ಎಂದು ಊಹಿಸಿದವರು 8, 10, 12 ಎಂದರು, 20, 22, 24 ಎಂದರು. ಎಲ್ಲಕ್ಕೂ ಸರಿ ಎಂಬ ಉತ್ತರವೇ ಬಂತು. ನಿಜವಾದ ನಿಯಮ ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ ಎಂಬುದಷ್ಟೇ. 1, 7, 50 ಎಂದು ಒಮ್ಮೆ ಕೇಳಿದ್ದರೆ ಗೊತ್ತಾಗುತ್ತಿತ್ತು. ಬಹುಪಾಲು ಜನ ಮೊದಲ ಉತ್ತರದಲ್ಲೇ ಸರಿಯಾದ ನಿಯಮವನ್ನು ಹೇಳಲಿಲ್ಲ, ಯಾಕೆಂದರೆ ತಮ್ಮ ಊಹೆಯನ್ನು ಬೀಳಿಸಬಹುದಾದ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಅಟ್ಲಾಂಟಾದ ಆ ಸಾರ್ವಜನಿಕ ಫೋನು ಅಂಥದೊಂದು ಪ್ರಶ್ನೆ.

ಮುಖ ನೋಡಿದರೆ ಗೊತ್ತಾಗುತ್ತದೆಯೇ

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ. ಗಾಬರಿಯಾದನೇ, ಹಾಗಾದರೆ ಅವನೇ. ಸಮರ್ಥಿಸಿಕೊಂಡನೇ, ಒಳಗೆ ಏನೋ ಇದೆ. ಸುಮ್ಮನಿದ್ದನೇ, ಹೇಳಲು ಬಾಯಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಆರೋಪಕ್ಕೆ ಒಳಗಾದವರು ಏನು ಮಾಡಿದರೂ ಅಪರಾಧಿಗಳೇ ಆಗುತ್ತಾರೆ. ಹತ್ತು ಜನರ ಎದುರು ಕಳ್ಳ ಎನಿಸಿಕೊಂಡ ಯಾರ ಕೈಯಾದರೂ ನಡುಗುತ್ತದೆ, ಕದ್ದಿರಲಿ ಬಿಡಲಿ. ಈ ಗಾದೆಯನ್ನು ನಾನು ಮಾತಿನಲ್ಲಿ ಬಿಟ್ಟೇಬಿಟ್ಟಿದ್ದೇನೆ.

ಸುಳ್ಳು ಹೇಳುವವರನ್ನು ಗುರುತಿಸುವುದರಲ್ಲಿ ನಾವು ಎಷ್ಟು ಜಾಣರು ಎಂಬುದಕ್ಕೆ ಅಳತೆಯೂ ಇದೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನ ವರದಿಗಳನ್ನು ಒಟ್ಟುಗೂಡಿಸಿ ನೋಡಿದರು. ಮಾತು ಕೇಳಿ, ಮುಖ ನೋಡಿ ನಿಜವೋ ಸುಳ್ಳೋ ಎಂದು ತೀರ್ಮಾನಿಸಿದವರು ಸರಾಸರಿ 54% ಸಲ ಮಾತ್ರ ಸರಿ. ನಾಣ್ಯ ಚಿಮ್ಮಿದ್ದರೂ 50% ಬರುತ್ತಿತ್ತು. ‘ನನಗೆ ಮುಖ ನೋಡಿದರೇ ತಿಳಿಯುತ್ತದೆ’ ಎನ್ನುವವರ ಆತ್ಮವಿಶ್ವಾಸವನ್ನು ಈ ಅಂಕಿಯ ಪಕ್ಕದಲ್ಲಿಟ್ಟು ತೂಗಬೇಕು. ಬರೆದ ಸಂದೇಶದಲ್ಲಂತೂ ಮುಖವೂ ಇಲ್ಲ, ದನಿಯೂ ಇಲ್ಲ. ‘ಸರಿ’ ಎಂಬ ಒಂದೇ ಪದದ ಉತ್ತರದಲ್ಲಿ ಅಹಂಕಾರ ಕಾಣುವವರು ಅದನ್ನು ಹೆಚ್ಚಾಗಿ ತಮ್ಮ ಅಂದಿನ ಮನಸ್ಥಿತಿಯಿಂದಲೇ ತಂದಿರುತ್ತಾರೆ.

ಬಹಿರಂಗವಾದ ಮೇಲೆ

ಒಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ ತಪ್ಪಾದರೆ ಕ್ಷಮೆ ಕೇಳಬಹುದು. ಇಬ್ಬರಿಗೂ ಒಂದಷ್ಟು ಮುಜುಗರ, ಅಲ್ಲಿಗೆ ಮುಗಿಯಿತು. ಎಲ್ಲರ ಮುಂದೆ ಹೇಳಿದ್ದಕ್ಕೆ ಈ ಅನುಕೂಲ ಇಲ್ಲ. ಎಂಐಟಿ ಸಂಶೋಧಕರು ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಹಾದಿಯನ್ನು ಹಿಡಿದು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ 70% ಹೆಚ್ಚು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಸಮಯ ಬೇಕಾಯಿತು. ಮನುಷ್ಯರಲ್ಲದೆ ಕಂಪ್ಯೂಟರ್ ಪ್ರೋಗ್ರಾಂಗಳು ನಡೆಸುವ ಖಾತೆಗಳ ಹಂಚಿಕೆಯನ್ನು ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟಲು ಓಡುವವರು ನಾವೇ, ಮನುಷ್ಯರೇ.

2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾದಾಗ ಅಂತರ್ಜಾಲದ ಸಾವಿರಾರು ಮಂದಿ ತಾವೇ ಪತ್ತೇದಾರರಾಗಿ ಫೋಟೊಗಳನ್ನು ಜಾಲಾಡಿದರು. ಅದಕ್ಕೂ ಮೊದಲೇ ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ಮೇಲೆ ಬೆರಳು ಹೋಯಿತು. ಮಗನನ್ನು ಹುಡುಕುತ್ತಿದ್ದ ಕುಟುಂಬಕ್ಕೆ ಬೈಗುಳದ ಕರೆಗಳು ಬಂದವು. ಆ ಹುಡುಗ ಸ್ಫೋಟಕ್ಕೂ ಮುನ್ನವೇ ಸತ್ತಿದ್ದ ಎಂದು ಆಮೇಲೆ ಗೊತ್ತಾಯಿತು. ಆ ಜನರಲ್ಲಿ ಹೆಚ್ಚಿನವರು ಕೆಟ್ಟವರೇನಲ್ಲ. ಸತ್ತವರಿಗೆ ನ್ಯಾಯ ಸಿಗಲಿ ಎಂದೇ ಹೊರಟಿದ್ದರು. ಒಳ್ಳೆಯ ಉದ್ದೇಶ ಇದ್ದದ್ದರಿಂದಲೇ ತಾವು ತಪ್ಪಿರಬಹುದು ಎಂಬ ಯೋಚನೆ ಅವರ ಹತ್ತಿರ ಸುಳಿಯಲಿಲ್ಲ.

ಭಾರತದಲ್ಲಿ 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿಗೆ ಅಪರಿಚಿತರು ಎಷ್ಟೋ ಕಡೆ ಗುಂಪಿನ ಕೈಯಲ್ಲಿ ಸತ್ತರು. ಆಗ ಎಲ್ಲೆಡೆ ಹರಿದಾಡಿದ ಒಂದು ವೀಡಿಯೊ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದು ಬಿಡುವ, ಸಂದೇಶ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಕೈ ಬರುವುದಿಲ್ಲ. ಕತ್ತರಿಸಿದ ಆ ಕೆಲವು ಸೆಕೆಂಡುಗಳಲ್ಲಿ ಪೂರ್ತಿ ಸತ್ಯ ಇತ್ತು.

ತಪ್ಪು ತಿಳಿದ ಮೇಲೆ ತಿದ್ದಿದರಾಯಿತಲ್ಲ ಎಂದು ಕೇಳಬಹುದು. 1994ರಲ್ಲಿ ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ ಇದನ್ನೇ ಪರೀಕ್ಷಿಸಿದರು. ಒಂದು ಗೋದಾಮಿಗೆ ಬೆಂಕಿ ಬಿದ್ದ ಕಾಲ್ಪನಿಕ ವರದಿಯನ್ನು ಜನ ಓದುತ್ತಾರೆ. ಒಳಗಿನ ಸಣ್ಣ ಕೋಣೆಯಲ್ಲಿ ಎಣ್ಣೆ ಬಣ್ಣ, ಗ್ಯಾಸ್ ಸಿಲಿಂಡರ್‌ಗಳಿದ್ದವು ಎಂದು ಅದರಲ್ಲಿ ಮೊದಲು ಬರುತ್ತದೆ. ಆಮೇಲೆ, ಆ ಮಾಹಿತಿ ತಪ್ಪು, ಕೋಣೆ ಖಾಲಿ ಇತ್ತು ಎಂದು ಬರುತ್ತದೆ. ಓದಿದವರಿಗೆ ತಿದ್ದುಪಡಿ ನೆನಪಿತ್ತು. ಆದರೂ ಹೊಗೆ ಅಷ್ಟು ದಟ್ಟವಾಗಿ ಏಕಿತ್ತು ಎಂದು ಕೇಳಿದರೆ ಬಣ್ಣವನ್ನೂ ಸಿಲಿಂಡರನ್ನೂ ನೆನೆಸಿಕೊಂಡೇ ಉತ್ತರಿಸುತ್ತಿದ್ದರು. ಕಾರಣವೊಂದನ್ನು ಕಿತ್ತುಹಾಕಿದರೆ ಕಥೆಯಲ್ಲಿ ತೂತು ಬೀಳುತ್ತದೆ, ಆ ತೂತಿಗೆ ಮನಸ್ಸು ಹಳೆಯದನ್ನೇ ತಂದು ತುಂಬುತ್ತದೆ. ಬೇರೊಂದು ಕಾರಣ ಕೊಟ್ಟಾಗ ಮಾತ್ರ ಹಳೆಯದರ ಹಿಡಿತ ಸಡಿಲವಾಯಿತು.

ಎಲ್ಲಿ ಕಾಯಬಾರದು

ಈ ಎಲ್ಲ ಮಾತನ್ನು ಬಲವಂತರ ಗುರಾಣಿಯಾಗಿ ಬಳಸುವವರಿದ್ದಾರೆ. ‘ಎರಡೂ ಕಡೆ ಕೇಳೋಣ’ ಎನ್ನುತ್ತಾ ವರ್ಷಗಟ್ಟಲೆ ಏನನ್ನೂ ಕೇಳದ ಸಂಸ್ಥೆಗಳಿವೆ. ಅದಕ್ಕೇ ಎಲ್ಲೆಗಳನ್ನು ಸ್ಪಷ್ಟ ಮಾಡಬೇಕು. ಈಗಲೇ ಅಪಾಯ ಎದುರಿದ್ದರೆ ಕೂಗಿ, ಜನ ಸೇರಿಸಿ, ಆಮೇಲೆ ವಿಚಾರ. ಪೊಲೀಸರಿಗೆ, ಮೇಲಧಿಕಾರಿಗೆ, ದೂರು ಸಮಿತಿಗೆ ಹೇಳುವುದು ಬಹಿರಂಗ ಆರೋಪವಲ್ಲ, ಅದಕ್ಕೆ ಪೂರ್ತಿ ಪುರಾವೆ ಕೈಯಲ್ಲಿರಬೇಕಿಲ್ಲ. ಹುಡುಕುವುದು ಅವರ ಕೆಲಸ. ಒಂದೇ ನಡತೆ ಮತ್ತೆ ಮತ್ತೆ, ಬೇರೆ ಬೇರೆಯವರ ಮೇಲೆ ನಡೆದಿದ್ದರೆ ಆಕಸ್ಮಿಕ ಎಂಬ ವಿವರಣೆ ಸೋಲುತ್ತಾ ಬರುತ್ತದೆ. ಅಧಿಕಾರ ಇರುವವರ ವಿರುದ್ಧ ಎಲ್ಲ ಬಾಗಿಲು ತಟ್ಟಿ ಮುಗಿದ ಮೇಲೆ ಬಹಿರಂಗವಾಗಿ ಮಾತಾಡುವುದೊಂದೇ ಕೆಲವರಿಗೆ ಉಳಿಯುವ ದಾರಿ, ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ಮಾತು ಬಹಳ ಮುಖ್ಯ. ತನಗೆ ಅನ್ಯಾಯವಾಯಿತು ಎಂದು ಹೇಳಲು ಬಂದವರೂ ನಮಗೆ ಅಪರಿಚಿತರೇ. ಅವರಿಗೂ ಸಂಶಯದ ಲಾಭ ಸಲ್ಲಬೇಕು. ‘ಪ್ರಚಾರಕ್ಕೆ ಹೇಳುತ್ತಿದ್ದಾಳೆ’ ಎನ್ನುವುದು ಕೂಡ ಪುರಾವೆ ಇಲ್ಲದ ಆರೋಪವೇ. ಹೇಳಿದವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು, ಹೆಸರು ಬಂದವರ ಮೇಲೆ ತೀರ್ಪು ತಡೆಹಿಡಿಯುವುದು ಒಟ್ಟಿಗೇ ಸಾಧ್ಯ. ಒಳ್ಳೆಯ ತನಿಖೆ ನಡೆಯುವುದೇ ಹಾಗೆ.

ಸಂಶಯದ ಲಾಭವನ್ನು ನಾವು ಸಮನಾಗಿ ಹಂಚುವುದಿಲ್ಲ ಎಂಬುದನ್ನೂ ಒಪ್ಪಬೇಕು. ನಮ್ಮಂತೆ ಉಟ್ಟು, ನಮ್ಮಂತೆ ಮಾತಾಡುವವರಿಗೆ ಅದು ಕೇಳದೆಯೇ ಸಿಗುತ್ತದೆ. ಮಾಸಿದ ಬಟ್ಟೆಯವರಿಗೆ, ಬೇರೆ ಭಾಷೆಯವರಿಗೆ ಕೇಳಿದರೂ ಸಿಗುವುದಿಲ್ಲ. ಇದಕ್ಕೆ ನಾನು ಬಳಸುವ ಪರೀಕ್ಷೆ ಸರಳ. ಇದನ್ನೇ ನನ್ನ ತಮ್ಮ ಮಾಡಿದ್ದರೆ ಮೊದಲು ಏನೆಂದುಕೊಳ್ಳುತ್ತಿದ್ದೆ? ಆ ಉತ್ತರವನ್ನು ಈ ಮನುಷ್ಯನಿಗೂ ಒಮ್ಮೆ ಹಚ್ಚಿ ನೋಡುತ್ತೇನೆ.

ಹೇಳಲೇಬೇಕಾದಾಗ

ಕಂಡದ್ದನ್ನು ಹೇಳಿ, ತೀರ್ಮಾನವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ‘ಈ ಕಳ್ಳ ನನ್ನ ಬ್ಯಾಗು ಹೊತ್ತೊಯ್ದ, ಎಲ್ಲರಿಗೂ ತಲುಪಿಸಿ’ ಎನ್ನುವುದಕ್ಕೂ ‘ಇಂಥ ವಿಮಾನದಲ್ಲಿ ಬಂದವರೇ, ಕಪ್ಪು ಸೂಟ್‌ಕೇಸ್ ಅದಲುಬದಲಾಗಿರಬಹುದು, ದಯವಿಟ್ಟು ನಿಮ್ಮ ಟ್ಯಾಗ್ ನೋಡಿಕೊಳ್ಳಿ’ ಎನ್ನುವುದಕ್ಕೂ ಫಲದಲ್ಲೂ ವ್ಯತ್ಯಾಸವಿದೆ. ತಪ್ಪಿ ಒಯ್ದವರು ಎರಡನೆಯದನ್ನು ಓದಿ ಫೋನ್ ಮಾಡುತ್ತಾರೆ, ಮೊದಲನೆಯದನ್ನು ಓದಿ ಹೆದರಿ ಅವಿತುಕೊಳ್ಳುತ್ತಾರೆ. ನೇರವಾಗಿ ಕೇಳುವಾಗಲೂ ‘ಯಾಕೆ ಹೀಗೆ ಮಾಡಿದಿರಿ’ ಎಂಬುದರ ಬದಲು ‘ಏನಾಯಿತು, ನನಗೆ ಹೀಗೆ ಕಂಡಿತು’ ಎಂದರೆ, ಎದುರಿನವರಿಗೆ ವಾದ ಮಾಡುವ ಅಗತ್ಯ ಬೀಳುವುದಿಲ್ಲ, ವಿವರಿಸಲು ಜಾಗ ಸಿಗುತ್ತದೆ. ಉತ್ತರ ಕೊಡಲು ಸಮಯವನ್ನೂ ಕೊಡಿ. ಫೋಟೊ, ಹೆಸರು, ವಿಳಾಸ, ಕೆಲಸದ ಜಾಗ ಇವು ಹೊರಬಿದ್ದರೆ ಹಿಂದಕ್ಕೆ ಬರುವುದಿಲ್ಲ, ಅವನ್ನು ಹಾಕದೆಯೂ ನಡೆದದ್ದನ್ನು ಹೇಳಬಹುದು.

ಬೇರೆಯವರು ಮಾಡಿದ ಆರೋಪವನ್ನು ಮುಂದಕ್ಕೆ ಕಳಿಸುವವರ ಹೊಣೆಯೂ ಕಡಿಮೆಯಲ್ಲ. ‘ನಿಜವೋ ಗೊತ್ತಿಲ್ಲ, ನೋಡಿ’ ಎಂಬ ಸಾಲು ಯಾರನ್ನೂ ಕಾಪಾಡುವುದಿಲ್ಲ. ಗೊತ್ತಿಲ್ಲದಿದ್ದರೆ ಕಳಿಸಬೇಡಿ.

ಆರೋಪ ಮಾಡಿ ಆಗಿದೆ, ತಪ್ಪೆಂದು ಈಗ ತಿಳಿದಿದೆ ಎಂದಾದರೆ ಸದ್ದಿಲ್ಲದೆ ಅಳಿಸಿ ಕೂರುವುದು ಸಾಲದು. ಆರೋಪ ಓದಿದವರ ತಲೆಯಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಎಲ್ಲಿ ಹೇಳಿದಿರೋ ಅಲ್ಲೇ, ಅಷ್ಟೇ ದೊಡ್ಡ ದನಿಯಲ್ಲಿ ತಿದ್ದುಪಡಿ ಬರಬೇಕು. ‘ಅವರು ಕಳ್ಳರಲ್ಲ’ ಎಂದಷ್ಟೇ ಬರೆದರೆ ಗೋದಾಮಿನ ಖಾಲಿ ಕೋಣೆಯಂತಾಗುತ್ತದೆ. ಏನು ನಡೆಯಿತು ಎಂದು ಬರೆಯಿರಿ: ಎರಡು ಬ್ಯಾಗುಗಳು ಒಂದೇ ಥರ ಇದ್ದವು, ಅವರ ಬ್ಯಾಗು ಬೆಲ್ಟಿನಲ್ಲೇ ಉಳಿದಿತ್ತು, ಮನೆ ಮುಟ್ಟಿ ಬೀಗ ತೆಗೆಯಲು ಹೋದಾಗ ಅವರಿಗೆ ಗೊತ್ತಾಯಿತು, ಅವರೇ ಫೋನ್ ಮಾಡಿದರು. ನಿಮ್ಮ ಮಾತನ್ನು ಮುಂದಕ್ಕೆ ಕಳಿಸಿದವರನ್ನೂ ಒಬ್ಬೊಬ್ಬರಾಗಿ ಹುಡುಕಿ, ಇದನ್ನೂ ಕಳಿಸಿ ಎಂದು ಕೇಳಿಕೊಳ್ಳಿ.